ಹಗ್ಗದ ಆಚೆ ನಿಂತವಳು

ಮಲ್ಲೂಕ್ ಬಲಿಪೀಠದ ಕೊನೆಯ ಸಾಲಿನ ಕಲ್ಲೊಂದನ್ನು ಎದೆಗೊತ್ತಿ ಹಿಡಿದು, ಅದರ ಡೊಂಕು ಬೆನ್ನು ಕೂರುವಂಥ ಸಂದು ಹುಡುಕುತ್ತಿದ್ದಾಗ ಸುತ್ತ ಕಟ್ಟಿದ್ದ ಹಗ್ಗದ ಆಚೆಯಿಂದ ಕೂಗು ಕೇಳಿಸಿತು.

"ಮಲ್ಲೂಕಾ! ಏ ಮಲ್ಲೂಕಾ!"

ಕೆಚೀಯಳ ದನಿ. ಅವನ ಓಣಿಯವಳು, ಗೋಡೆಗೆ ಗೋಡೆ ಅಂಟಿದ ಮನೆಯವಳು. ಸುಣ್ಣ ಕಲೆಸುತ್ತಿದ್ದ ಲೇವಿಯರು, ದೇವಾಲಯದ ಚಾಕರಿಯ ಕುಲದವರು, ಕೈ ನಿಲ್ಲಿಸಿ ನೋಡಿದರು. ಅವಳು ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಹಿಡಿದುಕೊಂಡೇ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬರುತ್ತಿದ್ದಳು. ಹಾಗೆ ಕೈ ಎತ್ತಿಕೊಂಡು ಬರುವವರು ಹೆಣ ಮುಟ್ಟಿ ಬಂದವರು.

"ಅಲ್ಲೇ ನಿಲ್ಲಮ್ಮ! ಮುಂದೆ ಬರಬೇಡ!" ಎಂದು ಒಬ್ಬ ಕಿರುಚಿದ.

"ನಿಂತೆ ಕಣಪ್ಪ, ನಿಂತೆ. ನಿನ್ನ ಹಗ್ಗಾನೂ ಮುಟ್ಟಲ್ಲ, ನಿನ್ನ ಸುಣ್ಣದ ಗಡಿಗೆ ಕಡೆ ಉಸಿರೂ ಬಿಡಲ್ಲ." ಕೆಚೀಯಾ ಹತ್ತು ಮಾರು ದೂರದಲ್ಲೇ ನಿಂತಳು. "ಮಲ್ಲೂಕಾ, ಮುದುಕಿ ಹೋದಳು ಕಣೋ."

ಕಲ್ಲು ಅವನ ತೋಳಿನಲ್ಲೇ ಇತ್ತು. ಉಳಿ ತಾಗದ, ಸುತ್ತಿಗೆ ಕಾಣದ, ಹೊಲದಿಂದ ಎತ್ತಿ ತಂದ ಹಾಗೇ ಇರುವ ಇಡೀ ಕಲ್ಲು. ಬಲಿಪೀಠಕ್ಕೆ ಅಂಥದ್ದೇ ಆಗಬೇಕು. ಕಬ್ಬಿಣ ಸೋಕಿದರೆ ಕೆಟ್ಟಿತು. ಅದನ್ನು ಕೆಳಗೆ ಹಾಕುವಂತಿರಲಿಲ್ಲ. ಅವನು ಬಾಗಿ, ಕಣ್ಣಿಗೆ ಬಿದ್ದ ಸಂದಿಯಲ್ಲಿ ಅದನ್ನಿಟ್ಟ. ಇಷ್ಟು ಹೊತ್ತು ಹಟ ಹಿಡಿದಿದ್ದ ಕಲ್ಲು ಈಗ ಸದ್ದಿಲ್ಲದೆ ಕೂತುಕೊಂಡಿತು.

"ಯಾವಾಗ?" ಎಂದ, ಹಗ್ಗದ ಹತ್ತಿರ ಬಂದು.

"ಬಿಸಿಲು ನೆತ್ತಿಗೆ ಬರೋ ಮುಂಚೆ. ಬಾರ್ಲಿ ಬೀಸ್ತಾ ಕೂತಿದ್ದಳು. ಬೀಸೋ ಸದ್ದು ನಿಂತುಹೋಯ್ತು. ಕಾಳು ಮುಗೀತೇನೋ ಅಂದುಕೊಂಡೆ. ಆಮೇಲೆ ಹೋಗಿ ನೋಡಿದರೆ ಬೀಸೋಕಲ್ಲಿನ ಮೇಲೇ ತಲೆ ಇಟ್ಟು ಮಲಗಿಬಿಟ್ಟಿದ್ದಳು. ಜೀವ ಇನ್ನೂ ಇತ್ತು. ಏನಂದಳು ಗೊತ್ತಾ? 'ಅವನಿಗೆ ಹೇಳಬೇಡ, ನಾಳೆ ಕಳೀಲಿ' ಅಂದಳು."

"ಮತ್ತೆ ನೀನು ಬಂದೆ."

"ಬರದೆ? ನಾಳೆವರೆಗೆ ಹೆಣ ಕಾಯುತ್ತಾ? ಹೊತ್ತು ಮುಳುಗಿದರೆ ಹಬ್ಬ ಶುರು. ಅಷ್ಟರಲ್ಲಿ ಊರೊಳಗೆ ಹೆಣ ಇರಬಾರದು ಅಂತ ನಿಮ್ಮೋರೇ ಸಾರಿದ್ದಾರೆ. ಮೈ ತೊಳೆದು ಬಟ್ಟೆ ಸುತ್ತಿದ್ದೀನಿ. ಹೊರೋಕ್ಕೆ ಒಬ್ಬನೂ ಬರ್ತಾ ಇಲ್ಲ."

ಮಲ್ಲೂಕ್ ಹಗ್ಗ ದಾಟಲು ಕಾಲೆತ್ತಿದ. ಹಿಂದಿನಿಂದ ಯಾರೋ ತೋಳು ಹಿಡಿದರು. ಯಾಕೀನ್. ಅವನ ಚಿಕ್ಕಪ್ಪನ ಮಗ, ಹಿರಿಯರು ಸೆರೆಹೋಗಿದ್ದ ಬಾಬೆಲಿನಲ್ಲಿ ಹುಟ್ಟಿ ಬೆಳೆದು ಹೋದ ವರ್ಷವಷ್ಟೇ ಊರು ಕಂಡವನು. ಯಾಜಕರ ವಂಶಾವಳಿಯ ಸುರುಳಿ ಅವನ ವಶದಲ್ಲಿತ್ತು.

"ಅಣ್ಣ, ನೋಡೋಕ್ಕೆ ಹೋಗು. ಬೇಡ ಅನ್ನಲ್ಲ. ಆದರೆ ಬಾಗಿಲು ದಾಟಬೇಡ. ಹೆಣ ಇರೋ ಸೂರಿನ ಕೆಳಗೆ ಕಾಲಿಟ್ಟರೆ ಏಳು ದಿನದ ಮೈಲಿಗೆ. ನಾಳೆ ಬೆಂಕಿ ಹಚ್ಚೋನು ನೀನು."

"ಗೊತ್ತು."

"ಗೊತ್ತಿದ್ದರೆ ಸಾಲದು. ನಾನೂ ಜೊತೆಗೆ ಬರ್ತೀನಿ."

ದೇವಾಲಯ ಸುಟ್ಟುಹೋದ ಮೇಲೆ ಐವತ್ತು ವರ್ಷ ಆ ದಿಬ್ಬದ ಮೇಲೆ ಹೋಮದ ಹೊಗೆ ಎದ್ದಿರಲಿಲ್ಲ. ನಾಳೆ, ಏಳನೆಯ ತಿಂಗಳ ಮೊದಲ ದಿನ, ಏಳಬೇಕಾಗಿತ್ತು. ಮೊದಲ ಕೊಳ್ಳಿ ಯಾರು ಇಡಬೇಕೆಂದು ಯಾಜಕರ ನಡುವೆ ಹರಳು ಹಾಕಿ ಆರಿಸಿದಾಗ ಮಲ್ಲೂಕನ ಹೆಸರು ಬಂದಿತ್ತು. ಆ ಹೊತ್ತಿನಿಂದ ಏಳು ದಿನ ಅವನು ಹಗ್ಗದೊಳಗಿನ ಗುಡಾರದಲ್ಲೇ ಮಲಗಿದ್ದ. ಏಳು ದಿನ, ತನ್ನನ್ನು ಸಾಕಿದ ಹಮೂಟಲಳನ್ನು ಹಗ್ಗದ ಈಚೆಯಿಂದ ಕಂಡದ್ದಷ್ಟೇ, ಹತ್ತಿರ ಹೋಗಿರಲಿಲ್ಲ.

*

ಪಟ್ಟಣ ಉರಿದ ವರ್ಷ ಹಮೂಟಲಳಿಗೆ ಹತ್ತೊಂಬತ್ತು. ಯಾಜಕ ಅಜರೇಲನ ಮನೆಗೆ ನೀರು ಹೊರುವ ಆಳು. ಗೋಡೆ ಬಿದ್ದ ಮೂರನೆಯ ವಾರ ಬಾಬೆಲಿನ ಸಿಪಾಯಿಗಳು ದೊಡ್ಡ ಮನೆಗಳವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ಕಟ್ಟಿದರು. ಅಜರೇಲನ ಹೆಂಡತಿ ಪೆನಿನ್ನಾ ಹಸಿಬಾಣಂತಿ. ದಾರಿಯಲ್ಲಿ ಎಳೆಗೂಸುಗಳು ಮೂರು ದಿನವೂ ಉಳಿಯುತ್ತಿಲ್ಲವೆಂಬ ಸುದ್ದಿ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಬಂದಿತ್ತು.

ನೀರು ಹೊರುವವರನ್ನು, ದ್ರಾಕ್ಷಿತೋಟದ ಆಳುಗಳನ್ನು ಯಾರೂ ಕಟ್ಟಲಿಲ್ಲ. ಅವರು ಯಾರಿಗೂ ಬೇಡವಾಗಿದ್ದರು. ಸಿಪಾಯಿ ಅತ್ತ ತಿರುಗಿದಾಗ ಪೆನಿನ್ನಾ ಮಗುವನ್ನು ಹಮೂಟಲಳ ಖಾಲಿ ಕೊಡದ ಪಕ್ಕಕ್ಕೆ ತುರುಕಿದಳು.

"ಮಲ್ಲೂಕ್ ಅಂತ ಹೆಸರು. ಅವನಪ್ಪ ಯಾರು ಅಂತ ಮರೀಬೇಡ. ಮರೆಯೋಕ್ಕೆ ಬಿಡಲೂ ಬೇಡ."

"ಇಲ್ಲ ಒಡತಿ."

ಅಷ್ಟೇ ಮಾತು.

ಹಮೂಟಲ್ ಮರೆಯಲು ಬಿಡಲಿಲ್ಲ. ತೊದಲು ಮಾತು ಬಂದಾಗ ಮಗು ಅವಳನ್ನು "ಅಮ್ಮ" ಅಂದಿತು. ಅವಳು ಅದರ ಬಾಯಿ ಮುಚ್ಚಿದಳು. "ಅತ್ತೆ ಅನ್ನು. ನಿಮ್ಮಮ್ಮ ಪೆನಿನ್ನಾ, ಬಾಬೆಲಿನಲ್ಲಿದ್ದಾಳೆ. ನನ್ನನ್ನ ಅಮ್ಮ ಅಂದರೆ ನಾಳೆ ಅವರು ಬಂದಾಗ ನೀನು ನೀರಿನವಳ ಮಗ ಆಗ್ತೀಯ. ನೀರಿನವಳ ಮಗನನ್ನ ಬಲಿಪೀಠದ ಹತ್ತಿರ ಯಾರು ಬಿಡ್ತಾರೆ?"

ಇಬ್ಬರು ಮೂವರು ಅವಳನ್ನು ಮದುವೆಗೆ ಕೇಳಿಕೊಂಡು ಬಂದರು. ಕಟ್ಟುಮಸ್ತಾದವನು, ಬಾವಿಯ ಹತ್ತಿರ ಮನೆಯಿದ್ದವನೂ ಅವರಲ್ಲೊಬ್ಬ. ಅವಳು ಒಪ್ಪಲಿಲ್ಲ. ಗಂಡನಾದವನು ಮಗುವನ್ನು ತನ್ನದೆಂದು ಕರೆದಾನು, ಅಜರೇಲನ ಹೆಸರು ಅಳಿದೀತು ಎಂಬ ಹೆದರಿಕೆ.

ದಿನಾ ಬೆಳಿಗ್ಗೆ ದಿಬ್ಬ ಹತ್ತುವುದು ಮಾತ್ರ ಬಿಡಲಿಲ್ಲ. ದೇವಾಲಯ ನಿಂತಿದ್ದಾಗ ಅವಳು ಹೊರ ಅಂಗಳ ದಾಟಿದವಳಲ್ಲ. ಈಗ ತಡೆಯುವವರೇ ಇರಲಿಲ್ಲ. ಸುಟ್ಟ ತೊಲೆ, ಮುರಿದ ಕಂಬ, ಎದೆಯೆತ್ತರ ಮುಳ್ಳು, ನರಿಗಳ ಬಿಲ. ಅವಳು ಅಂಗೈಗೆ ಬಟ್ಟೆ ಸುತ್ತಿಕೊಂಡು ಮುಳ್ಳು ಕೀಳುತ್ತಿದ್ದಳು. ಒಂದು ಮೂಲೆ ಚೊಕ್ಕಟವಾಗುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಚಿಗುರುತ್ತಿತ್ತು. ಊರವರು ಅವಳಿಗೆ ಮುಳ್ಳಕ್ಕ ಎಂದು ಹೆಸರಿಟ್ಟರು. ವರ್ಷ ಕಳೆದಂತೆ ಅದು ಮುಳ್ಳಜ್ಜಿ ಆಯಿತು.

"ಯಾಕೆ ಈ ಕೆಲಸ, ಯಾರು ಬರ್ತಾರೆ ಅಂತ?" ಎಂದು ಮಲ್ಲೂಕನೇ ಒಮ್ಮೆ ಕೇಳಿದ್ದ. ಆಗ ಅವನಿಗೆ ಮೂವತ್ತಾಗಿತ್ತು. ಅವಳ ಜೊತೆ ಕೆಲಸ ಮಾಡಿ ಅವನ ಅಂಗೈಯೂ ಕಾಯಿಗಟ್ಟಿತ್ತು.

"ನಿನಗೊಂದು ಕೆಲಸದ ಜಾಗ ಬೇಕಲ್ಲ," ಅಂದಳು ಅವಳು. "ಕಮ್ಮಾರನ ಮಗನಿಗೆ ಕುಲುಮೆ ಇರುತ್ತೆ. ನಿನ್ನದು ಇದು. ಬಾಗಿಲು ಮುಚ್ಚಿದೆ, ಅಷ್ಟೇ."

*

ಓಣಿಯಲ್ಲಿ ಜನ ಸೇರಿದ್ದರು. ಸೇರಿದ್ದರೆಂದರೆ, ಹಮೂಟಲಳ ಬಾಗಿಲಿನಿಂದ ಆರು ಮಾರು ದೂರದಲ್ಲಿ, ಎದುರು ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿದ್ದರು. ಎಲ್ಲರೂ ಮಿಂದು, ಒಗೆದ ಬಟ್ಟೆ ಉಟ್ಟವರು. ನಾಳೆ ದಿಬ್ಬ ಹತ್ತಲು ಸಿದ್ಧರಾದವರು. ಹೆಂಗಸರು ಬಾಯಿಗೆ ಸೆರಗೊತ್ತಿ ಅಳುತ್ತಿದ್ದರು, ಅಳು ನಿಜವಾದದ್ದೇ. ಆದರೆ ಕಾಲು ಮಾತ್ರ ಅಲ್ಲಿಂದ ಕದಲುತ್ತಿರಲಿಲ್ಲ.

ಮಲ್ಲೂಕ್ ಹೊಸ್ತಿಲ ಹೊರಗೆ ನಿಂತು ಬಗ್ಗಿ ನೋಡಿದ. ಬೆಳಕಿನಿಂದ ಬಂದ ಕಣ್ಣಿಗೆ ಒಳಗಿನ ಕತ್ತಲು ಗಟ್ಟಿಯಾಗಿತ್ತು. ಕಾಣಿಸಿದ್ದು ಪಾದ ಎರಡು ಮಾತ್ರ. ಸುತ್ತಿದ ಬಟ್ಟೆ ಸಾಲದೆ ಪಾದ ಹೊರಗುಳಿದಿದ್ದವು. ಒಡೆದ ಹಿಮ್ಮಡಿ, ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ.

"ಬಟ್ಟೆ ಗಿಡ್ಡ ಆಯ್ತಲ್ಲಕ್ಕ," ಎಂದ.

"ಇದ್ದದ್ದೇ ಅಷ್ಟು," ಎಂದಳು ಕೆಚೀಯಾ. ಅವಳು ಒಳಗೆ ಹೋಗಿ ಹೆಣದ ಪಕ್ಕ ಕುಳಿತಿದ್ದಳು. ಅವಳಿಗಿನ್ನು ಹೆದರಲು ಏನೂ ಉಳಿದಿರಲಿಲ್ಲ.

ಹಿರಿಯ ಹಶಬ್ಯ ಬಂದ. ಅವನು ಬಾಬೆಲಿನಿಂದ ಬಂದವರ ಪೈಕಿ ಎಲ್ಲರಿಗಿಂತ ದೊಡ್ಡವನು. ಕೋಲೂರಿ ಗೋಡೆಯ ಕಡೆಯವರನ್ನು ಒಮ್ಮೆ, ಆಕಾಶವನ್ನು ಒಮ್ಮೆ ನೋಡಿದ. ಬಿಸಿಲು ಪಡುವಣ ಗೋಡೆಯ ಅಂಚಿಗೆ ಇಳಿಯುತ್ತಿತ್ತು.

"ಹೊರೋಕ್ಕೆ ಯಾರು ಬರ್ತೀರಿ?"

ಗೋಡೆಯ ಕಡೆಯವರು ಒಬ್ಬರ ಹಿಂದೊಬ್ಬರು ಸರಿದರು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು.

"ನಮ್ಮಪ್ಪ ಬಾಬೆಲಿನಲ್ಲಿ ಸಾಯ್ತಾ, 'ಮೊದಲ ಬಲಿ ದಿನ ನನ್ನ ಪರವಾಗಿ ನಿಂತ್ಕೋ' ಅಂತ ಆಣೆ ಹಾಕಿಸಿಕೊಂಡಿದ್ದಾನೆ ಸ್ವಾಮಿ, ಏನು ಮಾಡಲಿ?" ಎಂದ ಒಬ್ಬ ನೇಕಾರ.

"ನಾನು ಹೊತ್ತೇನು. ಆದರೆ ಮನೆಯವರೆಲ್ಲ ಮೈಲಿಗೆ ಆಗ್ತಾರಲ್ಲ. ನಾಕು ತಿಂಗಳು ನಡೆದು ಬಂದದ್ದು ಇದಕ್ಕೋಸ್ಕರ."

"ಮುಳ್ಳಜ್ಜಿ ಒಳ್ಳೆಯವಳು. ಆದರೆ ಅವಳೇ ಇದ್ದಿದ್ದರೆ 'ಹೋಗ್ರೋ, ಹಬ್ಬ ಮಾಡ್ರೋ, ನನ್ನ ಹೆಣ ಯಾವ ದೊಡ್ಡದು' ಅಂತ ಅಟ್ಟುತಿದ್ದಳು."

"ಅವಳೇ ಇದ್ದಿದ್ದರೆ ಅವಳನ್ನ ಹೊರೋ ಪ್ರಶ್ನೆ ಎಲ್ಲಿ ಬರ್ತಿತ್ತೋ, ಬುದ್ಧಿವಂತ!" ಎಂದು ಒಳಗಿನಿಂದ ಕೆಚೀಯಾ ಕೂಗಿದಳು.

ಯಾರೋ ನಕ್ಕು, ತಕ್ಷಣ ನಿಲ್ಲಿಸಿದರು.

ಮಲ್ಲೂಕ್ ಒಬ್ಬೊಬ್ಬರ ಮುಖ ನೋಡುತ್ತ ಹೋದ. ಇವರಲ್ಲಿ ಅರ್ಧ ಜನಕ್ಕೆ, ಅವರು ಊರಿಗೆ ಬಂದ ಮೊದಲ ಚಳಿಗಾಲದಲ್ಲಿ, ಅವಳು ಬೇಳೆ ಬೇಯಿಸಿ ಹಾಕಿದ್ದಳು. ಅವರಿಗೂ ಅದು ನೆನಪಿತ್ತು. ಅದಕ್ಕೇ ಅವನ ಕಣ್ಣು ತಪ್ಪಿಸುತ್ತಿದ್ದರು. ಅವನು ಸಿಟ್ಟಾಗಲು ನೋಡಿದ, ಆಗಲಿಲ್ಲ. ಐವತ್ತು ವರ್ಷ ಕಾದದ್ದನ್ನು ಒಂದು ದಿನದಲ್ಲಿ ಕಳೆದುಕೊಳ್ಳಲು ತಾನೂ ತಯಾರಿರಲಿಲ್ಲ. ಹೊಸ್ತಿಲ ಹೊರಗೆ ನಿಂತವನು ಅವನೂ ತಾನೆ.

"ಹಾಗಾದರೆ ಒಂದೇ ದಾರಿ," ಎಂದ ಹಶಬ್ಯ. "ಕೆಳಗೆ ಒಂಟೆ ಬಿಡಾರದಲ್ಲಿ ಅಮ್ಮೋನ್ಯರ ಕೂಲಿಗಳಿದ್ದಾರೆ. ಅವರಿಗೆ ನಮ್ಮ ಮೈಲಿಗೆಯ ಗೊಡವೆ ಇಲ್ಲ. ಹೇಳಿ ಕಳಿಸ್ತೀನಿ. ಬಡವರ ಹೊಂಡಕ್ಕೆ ಹಾಕಿ ಬರಲಿ."

"ಹಾಕಿ ಬರ್ತಾರಾ?" ಎಂದು ಕೆಚೀಯಾ ಬಾಗಿಲಿಗೆ ಬಂದು ನಿಂತಳು. "ಹೋದ ತಿಂಗಳು ಸತ್ತ ಕತ್ತೇನ ಅವರೇ ಅಲ್ವಾ ಎಳಕೊಂಡು ಹೋದದ್ದು? ಅದೇ ಹಗ್ಗದಲ್ಲಿ ಇವಳನ್ನೂ ಕಟ್ಟಲಿ ಬಿಡಿ. ಹಗ್ಗ ಅಂದರೆ ನಿಮಗೆಲ್ಲ ಬಲು ಪ್ರೀತಿ."

ಹಶಬ್ಯನ ಮುಖ ಕೆಂಪಾಯಿತು. ಆದರೂ ಅವನು ಒಬ್ಬನಿಗೆ ಕೈಸನ್ನೆ ಮಾಡಿದ. ಆ ಮನುಷ್ಯ ಬಿಡಾರದ ಕಡೆ ಹೊರಟ.

*

ಹಗ್ಗ ಕಟ್ಟಿದ್ದು ಎರಡು ತಿಂಗಳ ಹಿಂದೆ.

ಹಳೆಯ ಬಲಿಪೀಠ ನಿಂತ ಜಾಗ ಯಾವುದೆಂದು ಬಾಬೆಲಿನಿಂದ ಬಂದವರಿಗೆ ಗೊತ್ತಿರಲಿಲ್ಲ. ಅಪ್ಪಂದಿರು ಹೇಳಿದ ಅಳತೆ ಅವರ ಬಾಯಲ್ಲಿತ್ತು. ಆದರೆ ಎಲ್ಲಿಂದ ಅಳೆಯುವುದು? ಗೋಡೆಗಳೇ ಇರಲಿಲ್ಲ. ಮೂರು ಕಡೆ ಅಗೆದರು, ಮೂರು ಗುಂಪಾಗಿ ಜಗಳಾಡಿದರು. ನಾಲ್ಕನೆಯ ದಿನ ಹಮೂಟಲ್ ಬಂದು ತಾನು ಗುಡಿಸಿಟ್ಟ ಒಂದು ಮೂಲೆಯಲ್ಲಿ ಕೂತು, ಬರಿಗೈಯಲ್ಲಿ ಮೊಳದಷ್ಟು ಆಳ ಕೆದರಿದಳು. ಬೂದುಬಣ್ಣದ ಮಣ್ಣು ಬಂತು. ಅದರ ಕೆಳಗೆ ಕಪ್ಪಗೆ, ಜಿಡ್ಡು ಜಿಡ್ಡಾದ ಮಣ್ಣು. ನಾನೂರು ವರ್ಷದ ಕೊಬ್ಬು ಕರಗಿ ಇಳಿದ ಮಣ್ಣು. ಅವಳು ಒಂದು ಮುಷ್ಟಿ ಎತ್ತಿ ಹಶಬ್ಯನ ಮೂಗಿಗೆ ಹಿಡಿದಳು.

"ಮೂಸಿ ನೋಡಿ ಯಜಮಾನರೇ. ಅಳತೆ ಆಮೇಲೆ."

ಜಾಗ ಸಿಕ್ಕಿತು. ಮರುದಿನ ಅದರ ಸುತ್ತ ಗೂಟ ಹೊಡೆದು ಆಡಿನ ಕೂದಲಿನ ಹಗ್ಗ ಎಳೆದರು. ಯಾಜಕರು, ಲೇವಿಯರು ಒಳಗೆ, ಮಿಕ್ಕವರು ಹೊರಗೆ. ಮುಳ್ಳಿನ ಬುಟ್ಟಿ ಹಿಡಿದು ಬಂದ ಹಮೂಟಲಳನ್ನು ಎಳೆಯ ಲೇವಿಯನೊಬ್ಬ ತಡೆದ. ಮಲ್ಲೂಕ್ ಒಳಗಿದ್ದ. ಅವನು ನೋಡಿದ. ಬಾಯಿ ತೆರೆದರೆ ತನ್ನ ಹೆಸರಿನ ಮಾತು ಮತ್ತೆ ಏಳುತ್ತದೆಂದು ಸುಮ್ಮನಾದ.

ಯಾಕೆಂದರೆ ಅವನ ಹೆಸರಿನ ವಿಚಾರಣೆ ಆಗಷ್ಟೇ ಮುಗಿದಿತ್ತು. ಯಾಕೀನ್ ತಂದ ಸುರುಳಿಯಲ್ಲಿ ಒಂದು ಸಾಲಿತ್ತು: ಮಲ್ಲೂಕ್, ಅಜರೇಲನ ಮಗ, ಪೆನಿನ್ನಾಳಲ್ಲಿ ಹುಟ್ಟಿದವನು, ಪಟ್ಟಣ ಬಿದ್ದ ವರ್ಷ ಊರಲ್ಲೇ ಬಿಟ್ಟದ್ದು. ಹೆಸರು ಸರಿ, ಆದರೆ ಆ ಮಗು ಇವನೇ ಎಂದು ಹೇಗೆ ನಂಬುವುದು? ಒಡೆಯನ ಮಗು ಸತ್ತು, ನೀರಿನವಳು ತನ್ನ ಹೊಟ್ಟೆಯದನ್ನೇ ಅದರ ಹೆಸರಿನಲ್ಲಿ ಸಾಕಿರಬಾರದೇಕೆ ಎಂದು ಹಶಬ್ಯ ಕೇಳಿದ್ದ. ಹಮೂಟಲ್ ಹಿರಿಯರ ಮುಂದೆ ನಿಂತು, "ನಾನು ಹೆತ್ತಿಲ್ಲ. ನನಗೂ ಅವನಿಗೂ ರಕ್ತದ ಸಂಬಂಧ ಇಲ್ಲ. ನಾನು ಬರೀ ಆಳು," ಎಂದು ಮೂರು ಸಲ ಆಣೆ ಮಾಡಿದಳು. ಯಾಕೀನ್ ಅವನ ಪರ ವಾದಿಸಿದ. ಹಿರಿಯರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಹಗ್ಗ ಕಟ್ಟಿದ ಸಂಜೆ ಅವನು ಅವಳ ಮನೆಗೆ ಹೋಗಿ ತಲೆ ತಗ್ಗಿಸಿ ಕೂತ.

"ಅತ್ತೆ, ನಾನು ಮಾತಾಡಬೇಕಿತ್ತು."

"ಮಾತಾಡಿದ್ದರೆ ಚಪ್ಪಲಿ ತಗೊಳ್ತಿದ್ದೆ," ಎಂದು ಅವಳು ಈರುಳ್ಳಿ ಹೆಚ್ಚುತ್ತಲೇ ಹೇಳಿದಳು. "ಮದುವೆಮನೆ ಗುಡಿಸಿದವಳು ಮದುವೆ ಹೊತ್ತಿಗೆ ಹಿತ್ತಲಲ್ಲಿರ್ತಾಳೆ. ಅದರಲ್ಲೇನಿದೆ? ಊಟ ಮಾಡು."

ಮರುದಿನದಿಂದ ಅವಳು ದಿನವೂ ಹಗ್ಗದ ಆಚೆ ಬಂದು ನಿಂತಳು. ಹೊಲಗಳಲ್ಲಿ ಹುಡುಕಿ ತಂದ ಇಡೀ ಕಲ್ಲುಗಳನ್ನು ಹಗ್ಗದ ಬುಡದಲ್ಲಿಟ್ಟು ದೂರ ಸರಿಯುತ್ತಿದ್ದಳು. ಲೇವಿಯರು ಅವನ್ನು ಒಳಗೆ ತೆಗೆದುಕೊಳ್ಳುತ್ತಿದ್ದರು. ಕಲ್ಲು ಸರಿಯಾಗಿ ಕೂರದಿದ್ದಾಗ ಆಚೆಯಿಂದಲೇ ಕೂಗುತ್ತಿದ್ದಳು: "ತಿರುಗಿಸೋ! ಹೊಟ್ಟೆ ಮೇಲೆ ಬಂದಿದೆ, ತಿರುಗಿಸು!"

*

ಬಿಡಾರಕ್ಕೆ ಹೋದವನು ಇಬ್ಬರು ಕೂಲಿಗಳೊಂದಿಗೆ ಓಣಿಯ ತಿರುವಿನಲ್ಲಿ ಕಾಣಿಸಿಕೊಂಡ. ಒಬ್ಬನ ಹೆಗಲ ಮೇಲೆ ಸುತ್ತಿದ ಹುರಿ ಇತ್ತು.

ಮಲ್ಲೂಕ್ ಆ ಹುರಿಯನ್ನು ನೋಡಿದ. ಆಮೇಲೆ ಪಾದಗಳನ್ನು.

"ಬೇಡ, ವಾಪಸು ಹೋಗಿ," ಎಂದು ಕೂಲಿಗಳಿಗೆ ಹೇಳಿದ. ಅವರಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ನಿಂತರು.

"ಮಲ್ಲೂಕ್!" ಹಶಬ್ಯ ಕೋಲನ್ನು ಅವನ ಎದೆಗೆ ಅಡ್ಡ ಹಿಡಿದ. "ಯಾಜಕ ಯಾರ ಹೆಣ ಮುಟ್ಟಬಹುದು ಅಂತ ನಿನಗೆ ನಾನು ಹೇಳಿಕೊಡಬೇಕಾ? ತಾಯಿ, ತಂದೆ, ಮಗ, ಮಗಳು, ಒಡಹುಟ್ಟಿದೋರು. ಅಲ್ಲಿಗೆ ಮುಗೀತು. ಈಗ ಹೇಳು. ಇವಳು ನಿನ್ನ ತಾಯಿಯಾ?"

ಹಶಬ್ಯ ಕೋಲನ್ನು ಇನ್ನಷ್ಟು ಒತ್ತಿದ.

"ಹೌದು ಅಂದರೆ ಸುರುಳಿಯಲ್ಲಿರೋ ಸಾಲು ಸುಳ್ಳು. ನೀನು ಯಾಜಕನೇ ಅಲ್ಲ. ಅಲ್ಲ ಅಂದರೆ ಆ ಹೊಸ್ತಿಲು ದಾಟೋ ಹಾಗಿಲ್ಲ. ದಾಟಿದರೆ ನಾಳೆ ಬರೀ ಬೆಂಕಿ ತಪ್ಪೋದಲ್ಲ, ಯಾಜಕತನದ ಮಾತೇ ಎದ್ದೀತು. ಎರಡರಲ್ಲಿ ಒಂದು ಹೇಳು."

ಯಾಕೀನ್ ಅವನ ತೋಳು ಬಿಗಿಯಾಗಿ ಹಿಡಿದು ಕಿವಿಯ ಬಳಿ ಪಿಸುಗುಟ್ಟಿದ. "ಅಣ್ಣ, ಅವಳು ಬದುಕಿದ್ದೇ ನಾಳೆಗೋಸ್ಕರ. ನೀನು ಬೆಂಕಿ ಇಡೋದು ನೋಡೋಕ್ಕೆ. ಈಗ ನೀನು ಒಳಗೆ ಹೋದರೆ ಅವಳ ಐವತ್ತು ವರ್ಷ ನೀರಲ್ಲಿ ಹೋಮ. ಯೋಚನೆ ಮಾಡು."

ಅವನು ಯೋಚನೆ ಮಾಡಿದ. ಯಾಕೀನ್ ಹೇಳಿದ್ದು ಸುಳ್ಳಲ್ಲ. ಅವಳು ಎದ್ದು ಬಂದರೆ ಅದನ್ನೇ ಹೇಳುತ್ತಾಳೆ, ಬೈದು ಹೇಳುತ್ತಾಳೆ. ನಾಳೆಯ ಬೆಳಗು ಅವನ ಕಣ್ಣ ಮುಂದೆ ನಿಂತಿತ್ತು: ಸುಣ್ಣ ಬಳಿದ ಕಲ್ಲು, ಆಲಿವ್ ಸೌದೆ, ತನ್ನ ಕೈಯಲ್ಲಿ ಕೊಳ್ಳಿ. ಹಗ್ಗದ ಆಚೆ ಸಾವಿರ ಜನ. ಆ ಸಾವಿರದಲ್ಲಿ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಇನ್ನಾರೋ.

ಅವನು ತಾಯಿಯೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಕೋಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಯಾಕೀನನ ಹಿಡಿತ ಒಂದು ಕ್ಷಣ ಇನ್ನೂ ಬಿಗಿಯಾಗಿ, ಆಮೇಲೆ ತಾನಾಗಿಯೇ ಸಡಿಲಿತು. ಮಲ್ಲೂಕ್ ತಲೆ ಬಗ್ಗಿಸಿ ಒಳಗೆ ಹೋದ.

ಹೊರಗೆ ಯಾರೋ ಹೆಂಗಸು ಜೋರಾಗಿ ಅತ್ತಳು.

ಒಳಗೆ ಕೆಚೀಯಾ ಅವನ ಮುಖವನ್ನೇ ನೋಡುತ್ತಿದ್ದಳು. "ಮಾಡಿಬಿಟ್ಟೆಯಲ್ಲೋ," ಎಂದಳು ಕೊನೆಗೆ. "ಈ ಮುದುಕಿ ನನ್ನನ್ನ ಕನಸಲ್ಲಿ ಬಂದು ಹೊಡೀತಾಳೆ."

"ಹಲಗೆ ಎಲ್ಲಿ?"

ಬಾಗಿಲ ಹಲಗೆಯನ್ನೇ ಕಿತ್ತು ಚಟ್ಟ ಮಾಡಿಕೊಂಡರು. ತಲೆಯ ಕಡೆ ಅವನು ಎತ್ತಿದ. ಕಾಲಿನ ಕಡೆ ಎತ್ತಿದ ಕೆಚೀಯಾ ಎರಡು ಹೆಜ್ಜೆಗೇ ಮುಗ್ಗರಿಸಿದಳು. ವಾರದಿಂದ ಅವಳ ಸೊಂಟ ಹಿಡಿದಿತ್ತು. ಓಣಿಯ ಜನ ಇಬ್ಭಾಗವಾಗಿ ಗೋಡೆಗೆ ಅಂಟಿಕೊಂಡರು, ಬಟ್ಟೆಯಂಚು ಸೋಕದ ಹಾಗೆ.

ಆಗ ಕೆಳಗಿನಿಂದ ಆಡುಗಳ ಗಂಟೆ ಸದ್ದು ಕೇಳಿತು. ಮಂದೆಯನ್ನು ದಾರಿಯಲ್ಲೇ ಬಿಟ್ಟು ಪೆಲಟ್ಯ ಮೇಲೆ ಬಂದ. ಎಪ್ಪತ್ತು ದಾಟಿದ ಆಡಿನವನು. ಮೂವತ್ತು ವರ್ಷ ಅವನಿಗೂ ಹಮೂಟಲಳಿಗೂ ಮಾತಿರಲಿಲ್ಲ, ಬೈಗುಳ ಮಾತ್ರ ಇತ್ತು. ದಿಬ್ಬದ ಮೇಲೆ ಆಡು ಮೇಯಿಸಲು ಬಂದಾಗೆಲ್ಲ ಅವಳು ಅವನಿಗೆ ಕಲ್ಲು ಬೀಸುತ್ತಿದ್ದಳು.

"ಇಡೀ ಊರಿಗೆ ಒಬ್ಬನೂ ಗಂಡಸು ಇಲ್ವಾ?" ಎನ್ನುತ್ತ ಅವನು ಕೆಚೀಯಳನ್ನು ಸರಿಸಿ ಹಲಗೆಗೆ ಹೆಗಲು ಕೊಟ್ಟ. "ನನ್ನ ಕರೀ ಆಡಿನ ಕಾಲು ಮುರಿದಳಲ್ಲೋ ಈ ಪುಣ್ಯಾತ್ಗಿತ್ತಿ! ಅದರ ಲೆಕ್ಕ ಕೇಳೋ ಮುಂಚೆ ಹೊರಟುಬಿಟ್ಟಳು."

"ಪೆಲಟ್ಯಣ್ಣ, ನಿನಗೂ ನಾಳೆ..." ಎಂದ ಮಲ್ಲೂಕ್.

"ನನ್ನಂಥೋರನ್ನ ನಿಮ್ಮ ಹಗ್ಗದ ಹತ್ತಿರವೇ ಬಿಟ್ಟಿಲ್ಲ, ನಾಳೆ ಏನು ನಾಡಿದ್ದೇನು? ನಡಿ, ನಡಿ. ಹೊತ್ತು ಇಳೀತಿದೆ."

ಕೆಳಬಾಗಿಲಿನ ಕಾವಲಿನವರು ಕದ ಮುಚ್ಚಲು ನಿಂತಿದ್ದರು. ಕೊಂಬು ಊದುವವನು ಗೋಡೆ ಹತ್ತಿ ಪಡುವಣಕ್ಕೆ ಮುಖ ಮಾಡಿದ್ದ. ಸೂರ್ಯ ಮುಳುಗಲು ಇನ್ನು ನಾಲ್ಕು ಬೆರಳಷ್ಟೇ. "ಬೇಗ! ಬೇಗ!" ಎಂದು ಕಾವಲಿನವನು ದೂರದಿಂದಲೇ ಕಿರುಚಿದ. ಅವರು ಬಾಗಿಲು ದಾಟಿದ ಕೂಡಲೇ ಹಿಂದೆ ಮರದ ಅಗುಳಿ ಬಿದ್ದ ಸದ್ದಾಯಿತು.

ಊರ ಹೊರಗಿನ ಕಿದ್ರೋನ್ ಕಣಿವೆಯ ಇಳಿಜಾರಿನಲ್ಲಿ ಪೆಲಟ್ಯನ ಮೊಣಕಾಲು ಕುಸಿಯಿತು. ಹಲಗೆ ಓರೆಯಾಯಿತು. ಮಲ್ಲೂಕ್ ತಟ್ಟನೆ ತಿರುಗಿ ಜಾರುತ್ತಿದ್ದ ಮೈಯನ್ನು ಎದೆಗೆ ಆತುಕೊಂಡ. ಹಲಗೆ ಕಲ್ಲುಗಳ ಮೇಲೆ ಸದ್ದು ಮಾಡುತ್ತ ಕೆಳಗೆ ಹೋಯಿತು. ಅವನು ಅವಳನ್ನು ಬೆನ್ನಿಗೆ ಹಾಕಿಕೊಂಡ. ಅವಳ ಭಾರ ಅವನಿಗೆ ತಿಳಿಯಲೇ ಇಲ್ಲ. ಅವಳು ಹೊತ್ತು ತಂದ ಕಲ್ಲುಗಳಲ್ಲಿ ಎಷ್ಟೋ ಇದಕ್ಕಿಂತ ಭಾರವಿದ್ದವು.

"ಬಡವರ ಹೊಂಡ ಬಲಕ್ಕೆ," ಎಂದಳು ಕೆಚೀಯಾ.

"ಹೊಂಡ ಯಾಕೆ?" ಪೆಲಟ್ಯ ಮೊಣಕಾಲು ತಿಕ್ಕುತ್ತ ಎಡಕ್ಕೆ ಕೈ ತೋರಿಸಿದ. "ನನ್ನ ದೊಡ್ಡಿ ಹಿಂದೆ ನಮ್ಮ ಗವಿ ಇದೆ. ನನ್ನ ಹೆಂಡತಿ ಅಲ್ಲಿದ್ದಾಳೆ. ಇವಳನ್ನೂ ಅಲ್ಲೇ ಮಲಗಿಸಿ. ಇಬ್ಬರೂ ಸೇರಿ ನನ್ನನ್ನ ಬೈಕೊಳ್ಳಲಿ."

ಗವಿಯ ಒಳಗೆ ಕಲ್ಲಿನ ಜಗಲಿಯ ಮೇಲೆ ಅವಳನ್ನು ಮಲಗಿಸಿದರು. ಮಲ್ಲೂಕ್ ತನ್ನ ಮೇಲುಹೊದಿಕೆಯನ್ನು ತೆಗೆದು ಅವಳ ಪಾದಗಳ ಮೇಲೆ ಮುಚ್ಚಿದ. ಬಾಯಿಗೆ ಬಂಡೆ ಉರುಳಿಸುವಾಗ ಮೂವರೂ ಭುಜ ಕೊಟ್ಟರು. ಬಂಡೆ ಇನ್ನೂ ಪೂರ್ತಿ ಕೂತಿರಲಿಲ್ಲ, ಮೇಲೆ ಗೋಡೆಯಿಂದ ಕೊಂಬು ಕೂಗಿತು. ಹಬ್ಬ ಶುರುವಾಗಿತ್ತು. ಕೊಂಬಿನ ಸದ್ದು ನಿಂತ ಮೇಲೂ ಅವನು ಬಂಡೆಗೆ ಹಣೆ ಒತ್ತಿ ತಳ್ಳುತ್ತಲೇ ಇದ್ದ.

"ಸಾಕು ಬಿಡೋ, ಕೂತುಕೊಂಡಿದೆ," ಎಂದ ಪೆಲಟ್ಯ.

*

ಮರುದಿನ ಬೆಳಿಗ್ಗೆ ಅವರು ಮೂವರೂ ದೊಡ್ಡಿಯ ಗೋಡೆಯ ಮೇಲೆ ಕೂತು ಎದುರು ದಿಬ್ಬ ನೋಡಿದರು. ಅಷ್ಟು ದೂರಕ್ಕೆ ಜನ ಇರುವೆಗಳಂತೆ ಕಾಣುತ್ತಿದ್ದರು. ಬಿಳಿಯ ಪೀಠದ ಮೇಲೆ ಒಂದು ಕಪ್ಪು ಚುಕ್ಕೆ ಬಗ್ಗಿತು, ಎದ್ದಿತು. ಯಾರೆಂದು ತಿಳಿಯಲಿಲ್ಲ. ಹೊಗೆ ಎದ್ದಿತು. ಆಮೇಲೆ ಕೂಗು, ಅಳುವೋ ನಗುವೋ ತಿಳಿಯದಂಥ ಸಾವಿರ ಬಾಯಿಯ ಕೂಗು, ಕಣಿವೆ ದಾಟಿ ಬಂತು. ಮಲ್ಲೂಕ್ ಹೊಗೆ ತೆಳುವಾಗುವವರೆಗೆ ನೋಡಿದ. ಆಮೇಲೆ ಎದ್ದು ಹೋಗಿ ಆಡುಗಳಿಗೆ ನೀರು ಸೇದಿದ.

ಮೂರನೆಯ ದಿನ ಹೆಣ ಮುಟ್ಟಿದವರ ಮೇಲೆ ಮೈಲಿಗೆ ಕಳೆಯುವ ಬೂದಿ ನೀರು ಚಿಮುಕಿಸಬೇಕು. ಏಳನೆಯ ದಿನ ಮತ್ತೊಮ್ಮೆ. ಯಾರಾದರೂ ಲೇವಿಯರ ಆಳು ಬಂದಾನೆಂದು ಕಾದಿದ್ದರು. ಯಾರನ್ನೂ ಕಳಿಸದೆಯೂ ಇದ್ದಾರು ಎಂದು ಕೆಚೀಯಾ ಗೊಣಗುತ್ತಿದ್ದಳು. ಮೂರನೆಯ ದಿನ ಬಿಸಿಲೇರಿದ ಮೇಲೆ ಇಳಿಜಾರಿನಲ್ಲಿ ಯಾರೋ ಒಬ್ಬನೇ ಬರುತ್ತಿದ್ದ. ಒಂದು ಕೈಯಲ್ಲಿ ಮಡಕೆ, ಇನ್ನೊಂದರಲ್ಲಿ ಚಿಮುಕಿಸುವ ಹಿಸ್ಸೋಪ್ ಗಿಡದ ಕಡ್ಡಿಗಳ ಕಂತೆ. ಯಾಕೀನ್.

ಅವನು ದೊಡ್ಡಿಯ ಬಾಗಿಲಲ್ಲಿ ನಿಂತ. ಮುಖ ಬಾಡಿತ್ತು.

"ನೀನೇ ಬಂದೆಯಾ?" ಎಂದ ಮಲ್ಲೂಕ್.

"ಬೇರೆಯವರನ್ನ ಕಳಿಸಬಹುದಿತ್ತು. ಮನಸ್ಸು ಬರಲಿಲ್ಲ."

"ನನ್ನ ಹೆಸರು?"

"ಸುರುಳಿಯಲ್ಲಿದೆ. ಹಬ್ಬ ಮುಗಿದ ಮೇಲೆ ಕೂತು ಮಾತಾಡೋಣ ಅಂತ ಹಶಬ್ಯ ಹೇಳಿದ್ದಾರೆ. ಅಳಿಸು ಅಂದರೆ ಮಸಿ ಕುಡಿಕೆ ಅವರ ಕೈಗೇ ಕೊಟ್ಟು ಬರ್ತೀನಿ. ನಾನು ಅಳಿಸಲ್ಲ." ಅವನು ಕಂತೆಯನ್ನು ಮಡಕೆಯಲ್ಲಿ ಅದ್ದಿದ. ದನಿ ಬದಲಾಯಿತು. ವಿಧಿಯ ಪ್ರಶ್ನೆ ಕೇಳುವಾಗಿನ ದನಿ ಅದು. "ಯಾರಿಗಾಗಿ ಮೈಲಿಗೆಯಾದೆ?"

ಕೆಚೀಯಾ ತಲೆ ತಗ್ಗಿಸಿದಳು. ಪೆಲಟ್ಯ ಗಡ್ಡ ಕೆರೆದುಕೊಳ್ಳುವುದನ್ನು ನಿಲ್ಲಿಸಿದ.

"ನನ್ನ ತಾಯಿಗಾಗಿ," ಎಂದ ಮಲ್ಲೂಕ್.

ಯಾಕೀನ್ ಅವನನ್ನು ದಿಟ್ಟಿಸಿದ. ಕಂತೆಯಿಂದ ನೀರು ತೊಟ್ಟಿಕ್ಕಿ ಧೂಳಿನಲ್ಲಿ ಗುಂಡಿ ಬೀಳುತ್ತಿತ್ತು. ಆಮೇಲೆ ಅವನು ಕೈ ಎತ್ತಿ ಚಿಮುಕಿಸಿದ. ಮಲ್ಲೂಕನ ಹಣೆಯ ಮೇಲೆ, ಕೆಚೀಯಳ ನರೆತ ಕೂದಲ ಮೇಲೆ, ಪೆಲಟ್ಯನ ಗಡ್ಡದ ಮೇಲೆ ಬೂದುಬಣ್ಣದ ಹನಿಗಳು ಬಿದ್ದವು.

"ಚಿಮುಕಿಸಿದೋನಿಗೂ ಸಂಜೆವರೆಗೆ ಮೈಲಿಗೆ ಅಲ್ವೇನಪ್ಪ?" ಎಂದಳು ಕೆಚೀಯಾ. "ಇವತ್ತು ಹಗ್ಗದೊಳಗೆ ನಿನಗೂ ಜಾಗ ಇಲ್ಲ."

"ಗೊತ್ತಕ್ಕ."

ಅವನು ಮಡಕೆಯನ್ನು ಗೋಡೆಯ ಬುಡದಲ್ಲಿಟ್ಟು ಸುತ್ತ ನೋಡಿದ. ಪೆಲಟ್ಯ ಚಪ್ಪಟೆ ಬಂಡೆಯ ಮೇಲೆ ಮಲಗಿದ್ದ ಆಡೊಂದನ್ನು ಕಾಲಿನಿಂದ ತಳ್ಳಿ ಎಬ್ಬಿಸಿದ. ಯಾಕೀನ್ ಹೋಗಿ ಅಲ್ಲಿ ಕೂತು ಮೊಣಕಾಲು ಅಪ್ಪಿಕೊಂಡ. ಸೂರ್ಯ ಇನ್ನೂ ನೆತ್ತಿಗೂ ಬಂದಿರಲಿಲ್ಲ. ಮರಿಯೊಂದು ಮೆಲ್ಲನೆ ಹತ್ತಿರ ಬಂದು, ಮೂಸಿ, ಅವನ ಬಿಳಿಯ ನಾರುಮಡಿ ನಡುಕಟ್ಟಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿತು. ಅವನು ಅದನ್ನು ನೋಡಿದ, ಎಳೆದುಕೊಳ್ಳಲಿಲ್ಲ.